ಶಾಲೆಯ ಕಟ್ಟಡಕ್ಕೂ ಒಂದು ಲೆಕ್ಕಪುಸ್ತಕವಿದೆ

ವಾಣಿಜ್ಯ ವಿಭಾಗದ ನಾವೆಲ್ಲರೂ ಲೆಕ್ಕಶಾಸ್ತ್ರದಲ್ಲಿ ಓದಿದ್ದೇವೆ: ಕಟ್ಟಡ ಒಂದು ಸ್ಥಿರ ಆಸ್ತಿ. ಅದನ್ನು ಕಟ್ಟಲು ಆಗುವ ಖರ್ಚು ಬಂಡವಾಳ ವೆಚ್ಚ. ಆಮೇಲೆ ಪ್ರತಿ ವರ್ಷ ಬರುವ ಕರೆಂಟ್ ಬಿಲ್ಲು, ನೀರಿನ ಖರ್ಚು, ಸುಣ್ಣ ಬಣ್ಣ, ರಿಪೇರಿ ಇವೆಲ್ಲ ರಾಜಸ್ವ ವೆಚ್ಚ. ಪರೀಕ್ಷೆಯಲ್ಲಿ ಎರಡನ್ನೂ ಬೇರೆ ಬೇರೆ ಬರೆದರೆ ಅಂಕ ಸಿಗುತ್ತದೆ. ಆದರೆ ನಿಜವಾದ ಕಟ್ಟಡದಲ್ಲಿ ಮೊದಲನೆಯದೇ ಎರಡನೆಯದನ್ನು ನಿರ್ಧರಿಸುತ್ತದೆ. ಕಿಟಕಿ ಯಾವ ಕಡೆ ಇಟ್ಟರು, ಚಾವಣಿಗೆ ಏನು ಹಾಕಿದರು, ಮಳೆ ನೀರು ಎಲ್ಲಿಗೆ ಬಿಟ್ಟರು ಎಂಬುದರ ಮೇಲೆ ಮುಂದಿನ 40–50 ವರ್ಷಗಳ ಖರ್ಚು ನಿಂತಿರುತ್ತದೆ.

ಸರಗೂರು ಎಚ್.ಡಿ. ಕೋಟೆಯಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ಇಲ್ಲಿ ಹೊಸ ಕಟ್ಟಡಗಳು ಏಳುತ್ತಲೇ ಇವೆ. ಶಾಲೆ ಕಾಲೇಜುಗಳಿಗೂ ಹೊಸ ಕೊಠಡಿಗಳು ಬೇಕಾಗುತ್ತವೆ. ನಮ್ಮಂಥ ಸಂಸ್ಥೆಗಳಲ್ಲಿ ಒಂದು ಕೊಠಡಿ ಏಳಬೇಕಾದರೆ ಜನರ ಚಂದಾ ಹಣ ಬೇಕು. ಜುಮಾ ದಿನ ಕೂಲಿ ಕೆಲಸದವರು ಡಬ್ಬಿಗೆ ಹಾಕಿದ ಹತ್ತು ರೂಪಾಯಿಯೂ ಅದರಲ್ಲಿ ಸೇರಿರುತ್ತದೆ. ಅಂಥ ಹಣದಲ್ಲಿ ಕಟ್ಟಿದ ಕೊಠಡಿಯಲ್ಲಿ ಮಾರ್ಚ್ ತಿಂಗಳ ಪರೀಕ್ಷೆಗೆ ಕೂರುವಾಗ ಬೆವರಿನಿಂದ ಉತ್ತರ ಪತ್ರಿಕೆ ಒದ್ದೆಯಾದರೆ, ಹಗಲಿನಲ್ಲೂ ಲೈಟ್ ಹಾಕಬೇಕಾದರೆ, ಆ ಹಣ ಪೂರ್ತಿ ಉಪಯೋಗವಾಗಿಲ್ಲ ಎಂದೇ ಅರ್ಥ. ಆದ್ದರಿಂದ ಸುಸ್ಥಿರ ಶಾಲಾ ಕಟ್ಟಡ ಎಂದರೇನು, ಅದು ನಮ್ಮ ಊರಿನ ಹವೆಗೆ ಹೇಗೆ ಹೊಂದುತ್ತದೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಸುಸ್ಥಿರ ಕಟ್ಟಡ ಎಂದರೇನು?

ಚಾವಣಿ ಮೇಲೆ ಸೋಲಾರ್ ಫಲಕ ಹಾಕಿದರೆ ಅದು ಹಸಿರು ಕಟ್ಟಡ ಎಂದು ಅನೇಕರು ಅಂದುಕೊಳ್ಳುತ್ತಾರೆ. ಸೋಲಾರ್ ಒಳ್ಳೆಯದೇ. ಆದರೆ ಅದು ಕೊನೆಯ ಹೆಜ್ಜೆ. ಮೊದಲು ಕಟ್ಟಡಕ್ಕೆ ಬೇಕಾಗುವ ವಿದ್ಯುತ್ತನ್ನೇ ಕಡಿಮೆ ಮಾಡಬೇಕು. ಅಂದರೆ ಬೆಳಕು, ಗಾಳಿ, ತಂಪು ಇವು ಕಟ್ಟಡದ ಆಕಾರದಿಂದಲೇ ಸಿಗಬೇಕು. ಎರಡನೆಯದಾಗಿ, ಕಟ್ಟಲು ಬಳಸುವ ಸಾಮಗ್ರಿ ಹತ್ತಿರದಲ್ಲೇ ಸಿಗುವಂತಿರಬೇಕು ಮತ್ತು ಅದನ್ನು ತಯಾರಿಸಲು ಹೆಚ್ಚು ಸೌದೆ ಅಥವಾ ಕಲ್ಲಿದ್ದಲು ಸುಡಬಾರದು. ಮೂರನೆಯದು ನೀರು. ನಾಲ್ಕನೆಯದು, ಅದರಲ್ಲಿ ಕಲಿಯುವ ಎಲ್ಲ ಮಕ್ಕಳಿಗೂ ಅದು ಸುರಕ್ಷಿತವಾಗಿರಬೇಕು.

ನಮ್ಮ ದೇಶದಲ್ಲಿ ಇಂಥ ಕಟ್ಟಡಗಳನ್ನು ಅಳೆಯಲು ‘ಗೃಹ’ ಎಂಬ ಪದ್ಧತಿ ಇದೆ. ಟೆರಿ ಸಂಸ್ಥೆ ಮತ್ತು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಸೇರಿ ರೂಪಿಸಿದ ಈ ಪದ್ಧತಿಯಲ್ಲಿ ಕಟ್ಟಡಕ್ಕೆ 1ರಿಂದ 5ರವರೆಗೆ ನಕ್ಷತ್ರ ಕೊಡುತ್ತಾರೆ. ಸಣ್ಣ ಊರಿನ ಶಾಲೆಗೆ ನಕ್ಷತ್ರ ಬೇಕಾಗಿಲ್ಲ. ಆದರೆ ಅದರ ಹಿಂದಿನ ತತ್ವಗಳು ಎಲ್ಲರಿಗೂ ಬೇಕು.

ಸೂರ್ಯ ಯಾವ ಕಡೆಯಿಂದ ಬರುತ್ತಾನೆ?

ಸರಗೂರು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮತ್ತು ಆಗಸ್ಟ್ ತಿಂಗಳ ಮೂರನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೇರ ತಲೆಯ ಮೇಲೆ ಇರುತ್ತಾನೆ. ಜೂನ್‌ನಲ್ಲಿ ಸ್ವಲ್ಪ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಸಾಕಷ್ಟು ದಕ್ಷಿಣಕ್ಕೆ ವಾಲುತ್ತಾನೆ. ಉತ್ತರ ಮತ್ತು ದಕ್ಷಿಣದ ಗೋಡೆಗಳಿಗೆ ಬೀಳುವ ಮಧ್ಯಾಹ್ನದ ಬಿಸಿಲು ಮೇಲಿನಿಂದ ಬರುವುದರಿಂದ ಕಿಟಕಿಯ ಮೇಲೆ ಎರಡು ಅಡಿ ಸಜ್ಜಾ ಇದ್ದರೆ ಅದರ ಬಹುಪಾಲನ್ನು ತಡೆಯಬಹುದು. ಪೂರ್ವ ಪಶ್ಚಿಮದ ಗೋಡೆಗಳ ವಿಷಯ ಹಾಗಲ್ಲ. ಬೆಳಿಗ್ಗೆ 8 ಗಂಟೆಗೂ ಸಂಜೆ 4 ಗಂಟೆಗೂ ಸೂರ್ಯ ಕೆಳಗಿರುತ್ತಾನೆ. ಬಿಸಿಲು ಸಜ್ಜಾದ ಕೆಳಗಿನಿಂದ ನೇರ ಒಳಗೆ ಬಂದು ಬೆಂಚಿನ ಮೇಲೆ, ಬೋರ್ಡಿನ ಮೇಲೆ ಬೀಳುತ್ತದೆ. ಬೋರ್ಡಿನ ಮೇಲೆ ಬರೆದದ್ದು ಹೊಳೆದು ಕಾಣುವುದೇ ಇಲ್ಲ.

ಆದ್ದರಿಂದ ತರಗತಿಗಳ ಸಾಲು ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಇರಬೇಕು. ಕಿಟಕಿಗಳು ಉತ್ತರ ಮತ್ತು ದಕ್ಷಿಣಕ್ಕೆ ಇರಬೇಕು. ಚಿಕ್ಕ ಗೋಡೆಗಳು ಮಾತ್ರ ಪೂರ್ವ ಪಶ್ಚಿಮಕ್ಕೆ ಇರಬೇಕು. ಮೆಟ್ಟಿಲು, ಉಗ್ರಾಣ, ಶೌಚಾಲಯಗಳನ್ನು ಪಶ್ಚಿಮದ ತುದಿಯಲ್ಲಿ ಇಟ್ಟರೆ ಅವು ಬಿಸಿಲಿಗೆ ಅಡ್ಡ ನಿಂತು ತರಗತಿಯನ್ನು ಕಾಯುತ್ತವೆ. ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಬೇಕಿಲ್ಲ. ನಕ್ಷೆ ಹಾಕುವ ದಿನ ಯೋಚಿಸಿದರೆ ಸಾಕು. ಕಟ್ಟಿದ ಮೇಲೆ ಮಾತ್ರ ಎಷ್ಟು ಹಣ ಕೊಟ್ಟರೂ ಕಟ್ಟಡವನ್ನು ತಿರುಗಿಸಲು ಆಗುವುದಿಲ್ಲ.

ಗಾಳಿ ಹೇಗೆ ಓಡಾಡುತ್ತದೆ?

ಒಂದು ತರಗತಿಯಲ್ಲಿ 60 ಜನ ಕೂತರೆ ಪ್ರತಿಯೊಬ್ಬರೂ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ, ಮೈಯಿಂದ ಶಾಖವನ್ನೂ ಬಿಡುತ್ತಾರೆ. ಕಿಟಕಿ ಒಂದೇ ಕಡೆ ಇದ್ದರೆ ಹಳೆಯ ಗಾಳಿ ಒಳಗೇ ಸುತ್ತುತ್ತದೆ. ಫ್ಯಾನ್ ಹಾಕಿದರೂ ಅದು ಅದೇ ಗಾಳಿಯನ್ನು ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಊಟದ ನಂತರದ ಪೀರಿಯಡ್‌ನಲ್ಲಿ ನಿದ್ದೆ ಬರುವುದಕ್ಕೆ ಯಾವಾಗಲೂ ವಿದ್ಯಾರ್ಥಿಯ ಸೋಮಾರಿತನವೇ ಕಾರಣವಲ್ಲ ಎಂಬುದನ್ನು ನಮ್ಮ ಉಪನ್ಯಾಸಕರು ಗಮನಿಸಬೇಕಾಗಿ ವಿನಂತಿ!

ಎದುರು ಬದುರು ಕಿಟಕಿ ಇದ್ದರೆ ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆ ಹೋಗುತ್ತದೆ. ಜೊತೆಗೆ ಬಿಸಿ ಗಾಳಿ ಹಗುರ, ಅದು ಮೇಲೇರುತ್ತದೆ. ಹಳೆಯ ಹೆಂಚಿನ ಮನೆಗಳಲ್ಲಿ ಹೆಂಚಿನ ಸಂದುಗಳಿಂದ ಅದು ಹೊರಗೆ ಹೋಗುತ್ತಿತ್ತು. ಆರ್‌ಸಿಸಿ ತಾರಸಿ ಬಂದ ಮೇಲೆ ಆ ದಾರಿ ಮುಚ್ಚಿತು. ಆದ್ದರಿಂದ ಗೋಡೆಯ ಮೇಲ್ಭಾಗದಲ್ಲಿ, ಚಾವಣಿಗೆ ಹತ್ತಿರವಾಗಿ ವೆಂಟಿಲೇಟರ್ ಇಡಬೇಕು. ಅದನ್ನು ಧೂಳು ಬರುತ್ತದೆಂದು ರಟ್ಟಿನಿಂದ ಮುಚ್ಚಬಾರದು.

ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಕಚೇರಿ ಇದಕ್ಕೆ ಒಳ್ಳೆಯ ಉದಾಹರಣೆ. ಇದರ ವಾಸ್ತುಶಿಲ್ಪಿ ಸಂಜಯ್ ಮೋಹೆ. ಆ ಜಾಗದ ದಕ್ಷಿಣಕ್ಕೆ ವಾಸನೆ ಬರುವ ದೊಡ್ಡ ಚರಂಡಿ ಇತ್ತು. ಅವರು ಆ ಕಡೆಗೆ ಕಿಟಕಿ ಇಡದೆ ಕಪ್ಪು ಕಡಪ ಕಲ್ಲಿನ ಗೋಡೆ ಎಬ್ಬಿಸಿ, ಅದರ ಹಿಂದೆ ಗಾಳಿಗೆ ಸಂದು ಬಿಟ್ಟರು. ಬಿಸಿಲಿಗೆ ಕಪ್ಪು ಕಲ್ಲು ಕಾಯುತ್ತದೆ, ಸಂದಿನೊಳಗಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಅದರ ಜಾಗಕ್ಕೆ ಉತ್ತರದ ಕಡೆಯಿಂದ ತಂಪು ಗಾಳಿ ಬರುತ್ತದೆ. ಕಟ್ಟಡವನ್ನು ಬಿಸಿ ಮಾಡುವ ಬಿಸಿಲೇ ಇಲ್ಲಿ ಗಾಳಿ ಎಳೆಯುವ ಯಂತ್ರವಾಗಿದೆ.

ನಮ್ಮದೇ ಅಕ್ಷಾಂಶದ ಒಂದು ಶಾಲೆ

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ದೇಶದಲ್ಲಿ ಗಾಂಡೋ ಎಂಬ ಹಳ್ಳಿ ಇದೆ. ಭೂಪಟದಲ್ಲಿ ನೋಡಿದರೆ ಅದೂ ಸುಮಾರು 12 ಡಿಗ್ರಿ ಉತ್ತರದಲ್ಲೇ ಇದೆ. ಅಂದರೆ ಅಲ್ಲಿನ ಆಕಾಶದಲ್ಲಿ ಸೂರ್ಯ ನಡೆಯುವ ದಾರಿಯೂ ನಮ್ಮಲ್ಲಿನಂತೆಯೇ. ಆದರೆ ಸೆಕೆ ನಮಗಿಂತ ಬಹಳ ಹೆಚ್ಚು. ಆ ಹಳ್ಳಿಯ ಹುಡುಗ ಫ್ರಾನ್ಸಿಸ್ ಕೆರೆ ಜರ್ಮನಿಯ ಬರ್ಲಿನ್‌ನಲ್ಲಿ ವಾಸ್ತುಶಿಲ್ಪ ಓದುತ್ತಿರುವಾಗಲೇ ಹಣ ಸಂಗ್ರಹಿಸಿ ತನ್ನ ಊರಿಗೆ ಪ್ರಾಥಮಿಕ ಶಾಲೆ ಕಟ್ಟಿಸಿದರು. ಅದು 2001ರಲ್ಲಿ ಮುಗಿಯಿತು.

ಊರಿನವರಿಗೆ ಮೊದಲು ನಂಬಿಕೆ ಇರಲಿಲ್ಲ. ಮಣ್ಣಿನ ಗೋಡೆ ಮಳೆಗೆ ಕರಗುವುದನ್ನು ಅವರು ಕಂಡಿದ್ದರು. ಕೆರೆ ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಗಟ್ಟಿ ಇಟ್ಟಿಗೆ ಮಾಡಿಸಿದರು. ತಗಡಿನ ಚಾವಣಿಯನ್ನು ಗೋಡೆಯ ಮೇಲೆ ನೇರ ಕೂರಿಸದೆ ಕಬ್ಬಿಣದ ಸರಳುಗಳ ಚೌಕಟ್ಟಿನ ಮೇಲೆ ಎತ್ತಿ ಇಟ್ಟರು. ಕೆಳಗೆ ಇಟ್ಟಿಗೆಯ ಒಳಚಾವಣಿ, ಮೇಲೆ ತಗಡು, ನಡುವೆ ಗಾಳಿ. ತಗಡು ಕಾದರೂ ಶಾಖ ಗಾಳಿಯೊಂದಿಗೆ ಹೊರಗೆ ಹೋಗುತ್ತದೆ. ತಗಡು ಗೋಡೆಯಿಂದ ಹೊರಗೆ ಚಾಚಿಕೊಂಡಿರುವುದರಿಂದ ಮಳೆ ಮಣ್ಣಿನ ಗೋಡೆಗೆ ತಾಗುವುದಿಲ್ಲ. ಊರಿನ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಕೆಲಸ ಮಾಡಿದರು. ಈ ಶಾಲೆಗೆ 2004ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. 2022ರಲ್ಲಿ ಕೆರೆ ಅವರಿಗೆ ವಾಸ್ತುಶಿಲ್ಪದ ನೊಬೆಲ್ ಎಂದು ಕರೆಯುವ ಪ್ರಿಟ್ಜ್‌ಕರ್ ಪ್ರಶಸ್ತಿ ಸಿಕ್ಕಿತು.

ನಮ್ಮ ಕಡೆ ಶೀಟಿನ ಕೊಠಡಿಗಳು ಇನ್ನೂ ಬಹಳ ಇವೆ. ಬೇಸಿಗೆಯಲ್ಲಿ ಕಾವಲಿಯಂತೆ ಕಾಯುತ್ತವೆ, ಮುಂಗಾರಿನಲ್ಲಿ ಮಳೆಯ ಸದ್ದಿಗೆ ಪಾಠ ಕೇಳಿಸುವುದಿಲ್ಲ. ಶೀಟನ್ನು ಬದಲಾಯಿಸಲು ಹಣ ಇಲ್ಲದಿದ್ದರೂ ಅದರ ಕೆಳಗೆ ಒಂದು ಒಳಚಾವಣಿ ಮತ್ತು ನಡುವೆ ಗಾಳಿಗೆ ದಾರಿ ಮಾಡಿದರೆ ಎರಡು ತೊಂದರೆಯೂ ಕಡಿಮೆಯಾಗುತ್ತವೆ ಎಂಬುದು ಗಾಂಡೋದ ಪಾಠ. ಕಲ್ನಾರು ಶೀಟಾದರೆ ಮಾತ್ರ ಅದನ್ನು ಕೊರೆಯುವುದು, ಒಡೆಯುವುದು ಮಾಡಬಾರದು. ಅದರ ಧೂಳು ಕ್ಯಾನ್ಸರ್‌ಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು

ಇದನ್ನು ಕಲಿಯಲು ಆಫ್ರಿಕಾದವರೆಗೆ ಹೋಗಬೇಕಾಗಿಯೂ ಇಲ್ಲ. ಮೈಸೂರು ಸೀಮೆಯ ತೊಟ್ಟಿ ಮನೆಗಳನ್ನು ನೋಡಿ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ಅದರ ಹಿಂದೆ ಕೋಣೆಗಳು. ಬೆಳಕು ಮತ್ತು ಗಾಳಿ ಮನೆಯ ನಡುವಿನಿಂದ ಬರುತ್ತವೆ. ಬಿಸಿಲು ಪಡಸಾಲೆಯಲ್ಲೇ ನಿಲ್ಲುತ್ತದೆ. ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಆ ಹೆಂಚು ಊರೂರಿಗೂ ಬಂತು. ನಮ್ಮ ಹಳೆಯ ಸರ್ಕಾರಿ ಶಾಲೆಗಳಲ್ಲೂ ಅದೇ ಹೆಂಚು, ಎತ್ತರದ ಜಂತಿ, ಮುಂದೆ ಉದ್ದದ ಜಗುಲಿ.

ಇದೇ ವಿನ್ಯಾಸದ ಇನ್ನೂ ದೊಡ್ಡ ರೂಪ ನಮ್ಮ ರಾಜ್ಯದ ಬೀದರ್‌ನಲ್ಲಿದೆ. ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಅಲ್ಲಿ ಒಂದು ಮದರಸಾ ಕಟ್ಟಿಸಿದ. ಮೂರು ಅಂತಸ್ತಿನ ಕಟ್ಟಡ, ಮಧ್ಯೆ ದೊಡ್ಡ ಅಂಗಳ. ಸುತ್ತಲೂ ಪಾಠದ ಹಾಲ್‌ಗಳು, ಗ್ರಂಥಾಲಯ, ಮಸೀದಿ, ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳು. ದಪ್ಪ ಗೋಡೆ ಹಗಲಿನ ಶಾಖವನ್ನು ಬೇಗ ಒಳಗೆ ಬಿಡುವುದಿಲ್ಲ, ಅಂಗಳದಿಂದ ಕೋಣೆಗಳಿಗೆ ಬೆಳಕು ಗಾಳಿ ಬರುತ್ತದೆ. ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ಸ್ಫೋಟಗೊಂಡು ಕಟ್ಟಡದ ಒಂದು ಭಾಗ ಬಿದ್ದುಹೋಯಿತು. ಉಳಿದದ್ದು 550 ವರ್ಷಗಳ ನಂತರವೂ ನಿಂತಿದೆ. ಅದೇ ಬೀದರ್‌ನ ನೌಬಾದ್‌ನಲ್ಲಿ ಭೂಮಿಯೊಳಗೆ ಕಾಲುವೆ ಕೊರೆದು ನೀರು ತರುವ ಕರೇಜ್ ವ್ಯವಸ್ಥೆಯೂ ಇದೆ. ಬೀದರ್ ನಮಗಿಂತ ಹೆಚ್ಚು ಬಿಸಿಲಿನ ಊರು. ಕರೆಂಟೇ ಇಲ್ಲದ ಕಾಲದಲ್ಲಿ ಅಲ್ಲಿ ನೂರಾರು ಮಂದಿ ಕೂತು ಓದುತ್ತಿದ್ದರು ಎಂಬುದನ್ನು ಯೋಚಿಸಬೇಕು.

ಗೋಡೆಗೆ ಯಾವ ಇಟ್ಟಿಗೆ?

ಪ್ರಪಂಚದಲ್ಲಿ ಮನುಷ್ಯರಿಂದ ಹೊರಬರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 7–8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಸುಟ್ಟ ಇಟ್ಟಿಗೆಗೆ ಸೌದೆ ಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ತಂಬಾಕು ಹದ ಮಾಡುವ ಬ್ಯಾರನ್‌ಗಳಿಗೂ ಸೌದೆಯೇ ಬೇಕು. ಇಟ್ಟಿಗೆ ಗೂಡುಗಳೂ ಸೇರಿದರೆ ಮರಗಳ ಮೇಲಿನ ಭಾರ ಎಷ್ಟೆಂದು ನಮಗೆ ಯಾರೂ ಹೇಳಬೇಕಾಗಿಲ್ಲ, ರಸ್ತೆಯಲ್ಲಿ ಹೋಗುವ ಸೌದೆ ಲಾರಿಗಳನ್ನು ನೋಡಿದರೆ ತಿಳಿಯುತ್ತದೆ.

ಇದಕ್ಕೆ ಪರಿಹಾರವನ್ನು ನಮ್ಮ ರಾಜ್ಯದಲ್ಲೇ ಕಂಡುಹಿಡಿದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಆರಂಭವಾಯಿತು. ಹೊಗೆ ಕಡಿಮೆ ಮಾಡುವ ‘ಅಸ್ತ್ರ ಒಲೆ’ ನಮ್ಮ ಅಜ್ಜಿಯರಿಗೆ ಗೊತ್ತಿರಬಹುದು. ಅದು ಅಲ್ಲಿಂದಲೇ ಬಂದದ್ದು. ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿ ಗಟ್ಟಿ ಮಣ್ಣಿನ ಇಟ್ಟಿಗೆಯನ್ನು ಅಭಿವೃದ್ಧಿಪಡಿಸಿದರು. ಕೆಂಪು ಮಣ್ಣಿಗೆ ಮರಳು ಮತ್ತು ಸುಮಾರು ಶೇ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತುತ್ತಾರೆ. ಆಮೇಲೆ ಸುಮಾರು ಮೂರು ವಾರ ನೀರು ಹಾಕಿ ಹದ ಮಾಡುತ್ತಾರೆ. ಸುಡುವ ಕೆಲಸವೇ ಇಲ್ಲ. ಜೇಡಿ ಅಂಶ ಹೆಚ್ಚಿರುವ ಕಪ್ಪು ಮಣ್ಣು ಮಾತ್ರ ಇದಕ್ಕೆ ಆಗುವುದಿಲ್ಲ, ಒಣಗಿದಾಗ ಬಿರುಕು ಬಿಡುತ್ತದೆ. ಆದ್ದರಿಂದ ಮೊದಲು ಮಣ್ಣನ್ನು ಪರೀಕ್ಷೆ ಮಾಡಿಸಬೇಕು.

ನಮ್ಮ ಪಕ್ಕದ ಕೇರಳದಲ್ಲಿ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಇದ್ದರು. ಇಂಗ್ಲೆಂಡಿನಲ್ಲಿ ಹುಟ್ಟಿ ಭಾರತದ ಪ್ರಜೆಯಾದವರು, 2007ರಲ್ಲಿ ತೀರಿಕೊಂಡರು. ಅವರು ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಗೋಡೆಯೊಳಗೆ ಟೊಳ್ಳು ಬಿಡುವ ಪದ್ಧತಿಯನ್ನು ಜನಪ್ರಿಯ ಮಾಡಿದರು. ಇದರಿಂದ ಸುಮಾರು ಶೇ 25ರಷ್ಟು ಇಟ್ಟಿಗೆ ಉಳಿಯುತ್ತದೆ, ಟೊಳ್ಳಿನ ಗಾಳಿ ಶಾಖವನ್ನೂ ತಡೆಯುತ್ತದೆ. ತಾರಸಿಯ ಕೆಳಭಾಗದಲ್ಲಿ ಕಾಂಕ್ರೀಟ್‌ಗೆ ಹೆಚ್ಚು ಕೆಲಸ ಇರುವುದಿಲ್ಲ, ಭಾರ ಎಳೆಯುವುದು ಕಬ್ಬಿಣ. ಆ ಜಾಗದಲ್ಲಿ ಹಳೆಯ ಹೆಂಚುಗಳನ್ನು ತುಂಬಿದರೆ ಸಿಮೆಂಟ್ ಉಳಿಯುತ್ತದೆ, ಕೊಠಡಿಯೂ ತಂಪಾಗುತ್ತದೆ. ಇದನ್ನು ಎಂಜಿನಿಯರ್ ಲೆಕ್ಕ ಹಾಕಿಕೊಟ್ಟಂತೆಯೇ ಮಾಡಬೇಕು.

ಮಳೆ ನೀರಿನ ಲೆಕ್ಕ

ಮೈಸೂರು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 800 ಮಿಲಿಮೀಟರ್ ಮಳೆ ಎಂದು ಇಟ್ಟುಕೊಳ್ಳೋಣ. 1,000 ಚದರ ಅಡಿ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಅದರ ಮೇಲೆ ಬೀಳುವ ನೀರು ಸುಮಾರು 74,000 ಲೀಟರ್. ಆವಿ, ಸೋರಿಕೆ, ಮೊದಲ ಮಳೆಯ ಕೊಳೆ ನೀರು ಎಂದು ಶೇ 20 ಕಳೆದರೂ ಸುಮಾರು 60,000 ಲೀಟರ್ ಉಳಿಯುತ್ತದೆ. 200 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ 300 ಲೀಟರ್. ಇಷ್ಟು ದೊಡ್ಡ ಸಂಪು ಕಟ್ಟಬೇಕಾಗಿಲ್ಲ. ಮಳೆ ಒಂದೇ ದಿನ ಬರುವುದಿಲ್ಲ, ಆದ್ದರಿಂದ 10,000 ಲೀಟರ್ ಸಂಪು ವರ್ಷದಲ್ಲಿ ಹಲವು ಸಲ ತುಂಬುತ್ತದೆ. ಹೆಚ್ಚಾದದ್ದನ್ನು ಬೋರ್‌ವೆಲ್ ಪಕ್ಕದ ಇಂಗು ಗುಂಡಿಗೆ ಬಿಡಬಹುದು.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಎ.ಆರ್. ಶಿವಕುಮಾರ್ ಅವರು ಬೆಂಗಳೂರಿನ ತಮ್ಮ ಮನೆಯನ್ನು ಮಳೆ ನೀರಿನಿಂದಲೇ ನಡೆಸಿ ತೋರಿಸಿದರು. 2006–07ರ ಹೊತ್ತಿಗೆ ಸುವರ್ಣ ಜಲ ಯೋಜನೆಯಲ್ಲಿ ರಾಜ್ಯದ 23 ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಿಗೆ ಮಳೆ ನೀರಿನ ಸಂಗ್ರಹ ವ್ಯವಸ್ಥೆ ಮಾಡಲು ಹೊರಟರು. ಆದರೆ ಬಹಳ ಕಡೆ ಪೈಪು ಕಳಚಿತು, ಶೋಧಕ ತೊಳೆಯುವವರಿರಲಿಲ್ಲ, ವ್ಯವಸ್ಥೆ ನಿಂತುಹೋಯಿತು. ಬಂಡವಾಳ ವೆಚ್ಚಕ್ಕೆ ಹಣ ಇಟ್ಟು, ನಿರ್ವಹಣೆಗೆ ಹಣವನ್ನೂ ಜನರನ್ನೂ ಇಡದಿದ್ದರೆ ಹೀಗಾಗುತ್ತದೆ. ಪೈಪು ಹಾಕುವ ದಿನವೇ ತಾರಸಿ ಗುಡಿಸುವವರು ಯಾರು ಎಂದು ನಿರ್ಧರಿಸಬೇಕು.

ನೀರಿನ ವಿಷಯದಲ್ಲಿ ಇನ್ನೊಂದು ಮಾತು. ಹರಿಯುವ ನದಿಯ ದಡದಲ್ಲಿ ಕೂತಿದ್ದರೂ ವುಝೂಗೆ ನೀರು ಪೋಲು ಮಾಡಬಾರದು ಎಂದು ನಮಗೆ ಮನೆಯಲ್ಲಿ ಕಲಿಸಿದ್ದಾರೆ. ನಾವು ಕಪಿಲಾ ನದಿಯ ದಡದಲ್ಲೇ ಇರುವವರು. ವುಝೂ ನೀರಿನಲ್ಲಿ ಸೋಪು ಇರುವುದಿಲ್ಲ. 150 ಜನ ತಲಾ 3 ಲೀಟರ್ ಬಳಸಿದರೆ ದಿನಕ್ಕೆ 450 ಲೀಟರ್ ಆಯಿತು. ಅದನ್ನು ಚರಂಡಿಗೆ ಬಿಡದೆ ಒಂದು ಪೈಪಿನಲ್ಲಿ ಗಿಡಗಳಿಗೆ ಬಿಟ್ಟರೆ ಪಶ್ಚಿಮದ ಗೋಡೆಗೆ ನೆರಳು ಕೊಡುವ ಹೊಂಗೆ, ಬೇವು ಬೆಳೆಯುತ್ತವೆ. ಶೌಚಾಲಯದಲ್ಲಿ ನೀರಿರಬೇಕೆಂಬುದು ಸೌಕರ್ಯದ ಪ್ರಶ್ನೆ ಮಾತ್ರವಲ್ಲ. ನೀರಿಲ್ಲದ ಕಡೆ ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯದೆ ಕೂರುತ್ತಾರೆ.

ಸುರಕ್ಷತೆ ಮೊದಲು

ಹಳೆಯದೆಲ್ಲ ಒಳ್ಳೆಯದು ಎಂದು ತಿಳಿಯಬಾರದು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಒಂದು ಶಾಲೆಯಲ್ಲಿ ಹುಲ್ಲಿನ ಚಾವಣಿಗೆ ಬೆಂಕಿ ಹತ್ತಿ 94 ಮಕ್ಕಳು ತೀರಿಕೊಂಡರು. 2009ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದು ತೀರ್ಪು ನೀಡಿತು. ಹುಲ್ಲು ತಂಪು ನಿಜ, ಆದರೆ ತರಗತಿಯ ಮೇಲೆ ಬೇಡ. ಅಗಲವಾದ ಮೆಟ್ಟಿಲು, ಹೊರಕ್ಕೆ ತೆರೆಯುವ ಬಾಗಿಲು, ಬೇರೆಯಾಗಿರುವ ಅಡುಗೆ ಕೋಣೆ ಇವು ಇರಲೇಬೇಕು. ಇಳಿಜಾರು ದಾರಿಯೂ ಬೇಕು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಇದ್ದರೆ ಗಾಲಿ ಕುರ್ಚಿಯಲ್ಲಿರುವವರು ಬರಬಹುದು.

ಈಗಿರುವ ಕಟ್ಟಡದಲ್ಲಿ ಏನು ಮಾಡಬಹುದು?

ಹೊಸ ಕಟ್ಟಡ ಬರುವವರೆಗೆ ಕಾಯಬೇಕಾಗಿಲ್ಲ. ಒಂದು ಲೆಕ್ಕ ನೋಡೋಣ. ಒಂದು ಕೊಠಡಿಯಲ್ಲಿ 4 ಫ್ಯಾನ್, ದಿನಕ್ಕೆ 6 ಗಂಟೆ, ವರ್ಷಕ್ಕೆ 200 ದಿನ. ಹಳೆಯ ಫ್ಯಾನ್ 75 ವ್ಯಾಟ್, ಹೊಸ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್. ಉಳಿತಾಯ 216 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 1,728 ರೂಪಾಯಿ. ಹೊಸ ಫ್ಯಾನ್‌ಗೆ ತಲಾ 1,300 ರೂಪಾಯಿ ಹೆಚ್ಚು ಎಂದರೆ ಒಟ್ಟು 5,200 ರೂಪಾಯಿ. ಸುಮಾರು 3 ವರ್ಷದಲ್ಲಿ ಹಾಕಿದ ಹಣ ವಾಪಸ್. ಆಮೇಲೆ ಬರುವುದೆಲ್ಲ ಉಳಿತಾಯ.

ಇನ್ನೂ ಕೆಲವು ಕೆಲಸಗಳಿಗೆ ಖರ್ಚು ಬಹಳ ಕಡಿಮೆ:

1. ಫೆಬ್ರವರಿ ಕೊನೆಯಲ್ಲಿ ತಾರಸಿಗೆ ಬಿಳಿ ಸುಣ್ಣ ಹೊಡೆಯುವುದು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಇಂಥ ತಂಪು ಚಾವಣಿಗಳಿಗಾಗಿಯೇ ಒಂದು ನೀತಿ ತಂದಿದೆ.

2. ಮುಚ್ಚಿರುವ ವೆಂಟಿಲೇಟರ್‌ಗಳನ್ನು ತೆರೆದು ಜಾಲರಿ ಹಾಕುವುದು.

3. ತರಗತಿಯ ಒಳಗೋಡೆಗೆ ತಿಳಿ ಬಣ್ಣ ಹಚ್ಚುವುದು. ಬೆಳಕು ಹಿಂದಿನ ಬೆಂಚಿನವರೆಗೆ ಹೋಗುತ್ತದೆ.

4. ಪಶ್ಚಿಮಕ್ಕೆ ಮರ ನೆಡುವುದು, ಕಿಟಕಿಗೆ ಬಿದಿರಿನ ತಟ್ಟಿ ಕಟ್ಟುವುದು.

5. ಜೂನ್‌ಗೆ ಮೊದಲು ತಾರಸಿ ಮತ್ತು ಪೈಪು ಸ್ವಚ್ಛ ಮಾಡುವುದು.

6. ತಿಂಗಳ ಕರೆಂಟ್ ಬಿಲ್ಲನ್ನು ನೋಟಿಸ್ ಬೋರ್ಡಿನಲ್ಲಿ ಹಾಕುವುದು. ಎಷ್ಟು ಯೂನಿಟ್ ಉರಿಯಿತು ಎಂದು ಕಂಡರೆ ಖಾಲಿ ಕೊಠಡಿಯ ಫ್ಯಾನ್ ಆರಿಸುವ ಕೈಗಳು ಹೆಚ್ಚಾಗುತ್ತವೆ.

ಕೊನೆಯ ವಿನಂತಿ

ಬಾವಿ ತೋಡಿಸುವುದು, ಮರ ನೆಡುವುದು, ವಿದ್ಯೆಗೆ ನೆರವಾಗುವುದು ಇವೆಲ್ಲ ಸದಖಾ-ಎ-ಜಾರಿಯಾ, ಅಂದರೆ ಕೊಟ್ಟವರು ಹೋದ ಮೇಲೂ ನಡೆಯುತ್ತಿರುವ ದಾನ. ಒಳ್ಳೆಯ ಶಾಲಾ ಕಟ್ಟಡದಲ್ಲಿ ಈ ಮೂರೂ ಒಂದೇ ಕಡೆ ಸೇರುತ್ತವೆ. ಆದ್ದರಿಂದ ಎಲ್ಲೇ ಆಗಲಿ ಹೊಸ ಕೊಠಡಿಗೆ ಚಂದಾ ಕೇಳಲು ಬಂದಾಗ ಕೊಡೋಣ, ಜೊತೆಗೆ ಆಡಳಿತ ಮಂಡಳಿಯ ಹಿರಿಯರನ್ನೂ ಎಂಜಿನಿಯರ್ ಸಾಹೇಬರನ್ನೂ ಐದು ಪ್ರಶ್ನೆ ವಿನಯದಿಂದ ಕೇಳೋಣ: ಕಿಟಕಿ ಯಾವ ದಿಕ್ಕಿಗೆ? ಬಿಸಿ ಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ? ಮಳೆ ನೀರು ಎಲ್ಲಿಗೆ? ಬೆಂಕಿ ಬಿದ್ದರೆ ಮಕ್ಕಳು ಯಾವ ದಾರಿಯಲ್ಲಿ ಹೊರಗೆ ಬರುತ್ತಾರೆ? ವರ್ಷದ ನಿರ್ವಹಣೆಗೆ ಎಷ್ಟು ಹಣ ಇಟ್ಟಿದ್ದೀರಿ? ಈ ಐದಕ್ಕೂ ನಕ್ಷೆಯಲ್ಲೇ ಉತ್ತರ ಇದ್ದರೆ, ನಮ್ಮ ನಂತರ ಬರುವ ತಮ್ಮ ತಂಗಿಯರು ಮಾರ್ಚ್ ತಿಂಗಳ ಪರೀಕ್ಷೆಯನ್ನು ನೆಮ್ಮದಿಯಿಂದ ಬರೆಯುತ್ತಾರೆ.